ಮಾವನ ವೆಲ್ಡಿಂಗು, ಅತ್ತೆಯ ಅಳತೆ

ನಮ್ಮ ಸೋದರಮಾವ ಯಾವ ಎರಡು ಕಬ್ಬಿಣದ ತುಂಡುಗಳನ್ನಾದರೂ ಕೂಡಿಸಬಲ್ಲ. ಕೂಡಿಸಬೇಕಾದ ಎರಡನ್ನು ಮಾತ್ರ ಬಿಟ್ಟು! ಇದು ನನ್ನ ಮಾತಲ್ಲ. ಅವನ ಹೆಂಡತಿ, ಅಂದರೆ ನಮ್ಮ ಅತ್ತೆ, ಶಿಗ್ಗಾವಿಯ ಅವರ ಓಣಿಯಲ್ಲಿ ನಾಲ್ಕು ಜನರ ಎದುರಿಗೆ ಹೇಳುತ್ತಿದ್ದ ಮಾತು. ಸುಳ್ಳೇನಲ್ಲ. ವೆಲ್ಡಿಂಗ್ ರಾಡನ್ನು ಪೈಪಿಗೆ ಅಂಟಿಸಿಕೊಂಡು, ಬಿಡಿಸಲಾಗದೆ, ಹಟಮಾರಿ ಕರುವನ್ನು ಎಳೆದಂತೆ ಎಳೆಯುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಗೇಟಿನ ಪ್ರಸಂಗವಂತೂ ಬೇರೆಯೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಾವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಹಾನಗಲ್ಲು, ಸವಣೂರು, ಹಿರೇಕೆರೂರು ಎಂದು ಸುತ್ತಿ ಸುತ್ತಿ ನಿವೃತ್ತನಾದ. ಜೀವನವಿಡೀ ನಿಂತೇ ದುಡಿದ. ಅತ್ತೆ ಜೀವನವಿಡೀ ಕುಳಿತೇ ದುಡಿದಳು. ಕೋಳಿ ಕೂಗುವ ಮೊದಲೇ ಎದ್ದು, ನೆಲಕ್ಕೆ ಕುಳಿತು ಜೋಳದ ರೊಟ್ಟಿ ಬಡಿದು, ಪುಂಡಿಪಲ್ಯವೋ ಶೇಂಗಾ ಚಟ್ನಿಯೋ ಇಟ್ಟು ಬುತ್ತಿ ಕಟ್ಟಿ ಕಳಿಸುತ್ತಿದ್ದಳು. ಮಾವ ಅದನ್ನು ಯಾವುದೋ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಬಿಚ್ಚಿ ತಿನ್ನುತ್ತಿದ್ದ. ಅವನು ನಿವೃತ್ತನಾಗುವ ಹೊತ್ತಿಗೆ ಅವಳ ಮೊಣಕಾಲುಗಳು ಕೈಕೊಟ್ಟಿದ್ದವು. ನೆಲಕ್ಕೆ ಕೂಡಬಾರದು ಎಂದು ಡಾಕ್ಟರು ಹೇಳಿದರು. ಕೂಡದೆ ರೊಟ್ಟಿ ಬಡಿಯುವುದು ಹೇಗೆ?

ಅಡುಗೆಮನೆಯಲ್ಲಿ ಕಟ್ಟೆಯೇನೋ ಇತ್ತು. ಆದರೆ ಗೌಂಡಿ ಅದನ್ನು ತನ್ನ ಎತ್ತರಕ್ಕೆ ಕಟ್ಟಿದ್ದ. ನಮ್ಮ ಅತ್ತೆ ಗಿಡ್ಡ. ಕಟ್ಟೆಯ ಮೇಲೆ ಹಿಟ್ಟಿಟ್ಟರೆ ಅದು ಅವಳ ಎದೆಯ ಸಮಕ್ಕೆ ಬರುತ್ತಿತ್ತು. ರೊಟ್ಟಿ ಬಡಿಯಲು ಕೈ ಮೇಲಿನಿಂದ ಬೀಳಬೇಕಲ್ಲ! ಹಾಗಾಗಿ ಅವಳು ಡಾಕ್ಟರ ಮಾತನ್ನು ಗೌರವದಿಂದ ಕೇಳಿ ಬಂದು, ಮತ್ತೆ ನೆಲಕ್ಕೇ ಕುಳಿತಳು. ಏಳುವಾಗ ಗೋಡೆ ಹಿಡಿದು "ಯಪ್ಪಾ ಶಿವನ" ಅನ್ನುತ್ತಿದ್ದಳು.

ಆ "ಶಿವನ" ಮಾವನ ಕಿವಿಗೆ ಬಿತ್ತು. ಅತ್ತೆಯನ್ನು ಅಡುಗೆಮನೆಯ ಗೋಡೆಗೆ ನಿಲ್ಲಿಸಿ, ಅವಳ ಸೊಂಟದ ಸಮಕ್ಕೆ ಪೆನ್ಸಿಲಿನಿಂದ ಗೆರೆ ಎಳೆದ. ಅಷ್ಟು ಎತ್ತರದ, ನಾಲ್ಕು ಕಾಲಿನ, ಮೇಲೊಂದು ಕಡಪಾ ಕಲ್ಲು ಕೂಡಿಸುವ ಕಬ್ಬಿಣದ ಸ್ಟ್ಯಾಂಡು. ಅತ್ತೆ ನಿಂತು ರೊಟ್ಟಿ ಬಡಿಯಬೇಕು. ಇಷ್ಟೇ ಯೋಜನೆ.

ನನ್ನ ಅವ್ವ, ಅಂದರೆ ಅವನ ಅಕ್ಕ, ನಾವಿರುವ ಹಾನಗಲ್ಲಿನಿಂದ ಫೋನು ಮಾಡಿ ಹೇಳಿದಳು: "ಪ್ಯಾಟಿ ಒಳಗ ವೆಲ್ಡಿಂಗ್ ಅಂಗಡಿ ಇಲ್ಲೇನೊ? ಹೇಳಿದ್ರ ಸಂಜೀಕೆ ಮಾಡಿ ಕೊಡ್ತಾರ."

"ಅಕ್ಕಾ, ಆಕಿ ನನ್ನ ಬುತ್ತಿ ರೊಟ್ಟಿ ಯಾವತ್ತರ ಅಂಗಡ್ಯಾಗ ಮಾಡಿಸಿ ತಂದಾಳೇನ? ನಾ ಯಾಕ ಮಾಡಸ್ಲಿ?" ಎಂದ ಮಾವ.

ಮಾವ ಹುಬ್ಬಳ್ಳಿಗೆ ಹೋಗಿ ಸಣ್ಣದೊಂದು ವೆಲ್ಡಿಂಗ್ ಮಷೀನು ತಂದುಬಿಟ್ಟ.

ಗುರು ಯಾರು? ಮೊಬೈಲು! ಅದರಲ್ಲಿ ಯಾರೋ ಗೊತ್ತಿಲ್ಲದ ಭಾಷೆಯಲ್ಲಿ ಹೇಳುತ್ತಿದ್ದ, ಮಾವ "ಹೂಂ, ಹೂಂ" ಅನ್ನುತ್ತಿದ್ದ. ಮೊದಲ ದಿನ ಕಿಡಿ ನೋಡುವ ಆಸೆಗೆ ಕಪ್ಪು ಗಾಜಿನ ಮುಖವಾಡ ಎತ್ತಿ ನೋಡಿದ. ರಾತ್ರಿ ಕಣ್ಣಿಗೆ ಮರಳು ತುಂಬಿದ ಹಾಗೆ ಉರಿ. ಅತ್ತೆ ಕಣ್ಣಿನ ಮೇಲೆ ಸವತಿಕಾಯಿ ಹೋಳು ಇಟ್ಟು ಮಲಗಿಸಿದಳು. ಉಳಿದ ಸವತಿಕಾಯಿಯನ್ನು ಮರುದಿನ ಪಚಡಿ ಮಾಡಿ ಅವನಿಗೇ ಬಡಿಸಿದಳು. ಆಮೇಲಿನಿಂದ ಓಣಿಯಲ್ಲಿ ದೀಪ ಮಿಣುಕಿದರೆ ಸಾಕು, ಧಾರಾವಾಹಿ ನೋಡುತ್ತಿದ್ದ ಹೆಂಗಸರು "ಕಂಡಕ್ಟರ್ ಸಾಹೇಬ್ರು ಡ್ಯೂಟಿಗೆ ಬಂದ್ರು" ಅನ್ನತೊಡಗಿದರು.

ಮೊದಲ ಸ್ಟ್ಯಾಂಡು ತಯಾರಾದ ದಿನ ನಾನೂ ಅಲ್ಲಿದ್ದೆ. ಮಾವ ಅದಕ್ಕೆ ವಿಭೂತಿ, ಕುಂಕುಮ ಹಚ್ಚಿ, ಕಾಯಿ ಒಡೆದ. ಅಕ್ಕಪಕ್ಕದ ಹೆಂಗಸರು ಬಂದರು. ಅತ್ತೆ ಸೆರಗು ಸಿಕ್ಕಿಸಿಕೊಂಡು, ಹಿಟ್ಟು ನಾದಿ, ನಿಂತು ಬಡಿಯಲು ಶುರು ಮಾಡಿದಳು. ನಮ್ಮ ಕಡೆ ರೊಟ್ಟಿ ಲಟ್ಟಿಸುವುದಿಲ್ಲ, ಬಡಿಯುತ್ತಾರೆ. ಆ ಬಡಿತ ಎಂಥದೆಂಬುದು ನೆಲಕ್ಕೆ ಮಾತ್ರ ಗೊತ್ತು. ರೊಟ್ಟಿ ಇನ್ನೂ ಅಂಗೈ ಅಗಲವಾಗಿತ್ತು, ಸ್ಟ್ಯಾಂಡಿನ ಒಂದು ಕಾಲು ಸದ್ದಿಲ್ಲದೆ ಕಳಚಿ ಹೊರನಡೆಯಿತು. ಮಾವ ಹಾರಿ ಕಡಪಾ ಕಲ್ಲನ್ನು ತಬ್ಬಿಕೊಂಡ. ಅತ್ತೆ ರೊಟ್ಟಿಯನ್ನು ಮಾತ್ರ ಕಾಪಾಡಿಕೊಂಡು ಹೇಳಿದಳು: "ಚಲೋ ಐತ್ರಿ. ಸ್ವಲ್ಪ ಹಸಿ ಉಳದೈತಿ. ಇನ್ನೊಂದೀಟು ಬೇಯಿಸ್ರಿ."

ಉಳಿದ ರೊಟ್ಟಿಗಳನ್ನು ಅವಳು ನೆಲಕ್ಕೆ ಕುಳಿತೇ ಬಡಿದಳು.

ಮೇಲೆ ಮೆತ್ತಿಕೊಂಡಂತೆ ಕಂಡ ಬೆಸುಗೆ ಒಳಗೆ ಕಚ್ಚಿಯೇ ಇರಲಿಲ್ಲ. ಅಂದಿನಿಂದ ಮಾವ ಹೊಸದೊಂದು ಪದ್ಧತಿ ಕಂಡುಹಿಡಿದ. ಪ್ರತಿ ಸ್ಟ್ಯಾಂಡನ್ನೂ ತಾನೇ ರೊಟ್ಟಿ ಬಡಿದು ಪರೀಕ್ಷೆ ಮಾಡುವುದು! ಅಂಗಳದಲ್ಲಿ, ಹಗಲು ಹೊತ್ತಿನಲ್ಲಿ, ಮುಖವಾಡ ಹಣೆಗೇರಿಸಿಕೊಂಡ ಗಂಡಸೊಬ್ಬ ಕಬ್ಬಿಣದ ಮೇಲೆ ಹಿಟ್ಟು ಬಡಿಯುತ್ತಿದ್ದರೆ ಹಾದಿಯಲ್ಲಿ ಹೋಗುವವರು ಏನೆಂದುಕೊಳ್ಳಬೇಕು? ಅತ್ತೆ ಬಾಗಿಲಲ್ಲಿ ನಿಂತು ತಿದ್ದುತ್ತಿದ್ದಳು: "ಬಸ್ಸಿನ ಬಾಗಲಾ ಬಡದಂಗ ಬಡೀಬ್ಯಾಡ್ರಿ. ಬೆರಳು ಅಗಲ ಮಾಡ್ರಿ. ತಿರುಗಿಸ್ಕೋತ ಬಡೀರಿ."

ಇನ್ನು ಗೇಟು. ಎರಡನೆಯ ಸ್ಟ್ಯಾಂಡಿನ ಕಾಲು ನೆಟ್ಟಗಿರಲಿ ಎಂದು ಮಾವ ಅದನ್ನು ಕಾಂಪೌಂಡಿನ ಗೇಟಿಗೆ ಒತ್ತಿ ನಿಲ್ಲಿಸಿ ವೆಲ್ಡಿಂಗ್ ಹೊಡೆದ. ಅವನ ಜೀವನದಲ್ಲಿ ಮೊದಲ ಬಾರಿ ಬೆಸುಗೆ ಆಳವಾಗಿ ಕಚ್ಚಿತು. ಗೇಟನ್ನೂ ಸೇರಿಸಿ! ಬೆಳಿಗ್ಗೆ ಹಾಲಿನವನು ಗೇಟು ಎಳೆದ; ಅದರ ಜೊತೆ ನಾಲ್ಕು ಕಾಲಿನ ಸ್ಟ್ಯಾಂಡು ಕರಕರ ಎನ್ನುತ್ತ ಅವನನ್ನು ಎದುರುಗೊಳ್ಳಲು ಬಂತು. ಅತ್ತೆ ಆ ದಿನ ನಕ್ಕ ನಗು ನನಗೆ ಈಗಲೂ ನೆನಪಿದೆ. ಗೋಡೆ ಹಿಡಿಯದೆ ಎದ್ದು ಬಂದು ನಕ್ಕಳು.

ಮೂರನೆಯದು ಗಟ್ಟಿಯಾಯಿತು. ನಿಜವಾಗಿಯೂ ಗಟ್ಟಿ. ಮಾವ ಬಡಿದ, ಕುಣಿಯಿತೇ? ಇಲ್ಲ. ಮೇಲೆ ಹತ್ತಿ ನಿಂತ, ಅಲುಗಿತೇ? ಇಲ್ಲ. ಎತ್ತರ ಪೆನ್ಸಿಲ್ ಗೆರೆಗೆ ಸರಿಯಾಗಿ ಬಂದಿತ್ತು. ಆದರೆ ಬೆಸುಗೆ ನೋಡಲು ಚೆನ್ನಾಗಿರಲಿಲ್ಲ. ಮೂಲೆ ಮೂಲೆಗೆ ಗಂಟು ಗಂಟು.

"ಇರ್ಲಿ ಬಿಡ್ರಿ, ನಾ ಏನ ಅದರ ಮಾರಿ ನೋಡ್ಕೋತ ರೊಟ್ಟಿ ಬಡೀತೇನೇನು?" ಎಂದಳು ಅತ್ತೆ.

ಮಾವ ಕೇಳಲಿಲ್ಲ. "ಇಷ್ಟು ವರ್ಷ ನೀ ಒಂದರ ಹರಕ ರೊಟ್ಟಿ ನನ್ನ ಬುತ್ತಿಗೆ ಹಾಕೀಯೇನ? ಎಲ್ಲಾ ಚಂದ್ರನಂಗ ಇರ್ತಿದ್ವು. ಹರಕ ಆದವನ್ನ ನೀ ತಿಂತಿದ್ದಿ. ನಿನಗ ನಾ ಇದನ್ನ ಹೆಂಗ ಕೊಡ್ಲಿ? ಇನ್ನೊಂದು ಮಾಡ್ತೇನಿ, ತಡಿ."

ಆ ಸ್ಟ್ಯಾಂಡು ಹಾನಗಲ್ಲಿಗೆ, ನಮ್ಮ ಮನೆಗೆ ಬಂತು. ಅವ್ವ ಅದರ ಮೇಲೆ ನೀರಿನ ಹಂಡೆ ಇಟ್ಟಳು. ಅತ್ತೆ ಮತ್ತೆ ನೆಲಕ್ಕೆ ಕುಳಿತಳು. ಮಾವ ಚೆಂದದ ಬೆಸುಗೆಯ ಬೆನ್ನು ಹತ್ತಿದ. ಫೋನು ಮಾಡಿದಾಗಲೆಲ್ಲ "ಇನ್ನೇನ ಬಂತು, ಕೈ ಕುಂತೈತಿ" ಅನ್ನುತ್ತಿದ್ದ. ಹಾಗೆಯೇ ಒಂದು ಮಳೆಗಾಲ ಕಳೆಯಿತು.

ಒಂದು ಬೆಳಿಗ್ಗೆ ಒಲೆಯ ಮುಂದೆ ಕುಳಿತ ಅತ್ತೆ ಏಳಲಿಲ್ಲ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಎರಡೂ ಹೋದವು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಮನೆಗೆ ಬಂದಾಗ ಮಾತು ತೊದಲುತ್ತಿತ್ತು. ಬುದ್ಧಿ, ಹಾಸ್ಯ ಎರಡೂ ನೆಟ್ಟಗಿದ್ದವು.

ಕೆಲವು ದಿನಗಳ ಮೇಲೆ ಮಾವ ಹಾನಗಲ್ಲಿಗೆ ಬಂದ. ಬಂದವನು ಚಹಾ ಕೂಡ ಕುಡಿಯಲಿಲ್ಲ. "ಅಕ್ಕಾ, ಆ ಸ್ಟ್ಯಾಂಡ್ ಕೊಡು" ಎಂದ. ಅವ್ವ ಹಂಡೆ ಇಳಿಸಿದಳು. ನಾನು ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಮಾವ ಕೂಡಲಿಲ್ಲ. ಸ್ಟ್ಯಾಂಡನ್ನು ಕಾಲ ನಡುವೆ ಹಿಡಿದು ನಿಂತ.

"ಚಂದ ಮಾಡಾಕ ಹೋದೆ, ಯವ್ವಾ" ಎಂದ ಕಿಟಕಿಯಿಂದ ನನಗೆ. "ಗಟ್ಟಿ ಇದ್ದಿದ್ದ ಸಾಕಾಗಿತ್ತು. ಆಕಿ ಒಂದ ದಿನಾರ ನಿಂತು ಬಡೀತಿದ್ಲು." ಬಸ್ಸು ಬಿಟ್ಟಿತು.

ಕಳೆದ ವಾರ ಶಿಗ್ಗಾವಿಗೆ ಹೋಗಿದ್ದೆ. ಬಾಗಿಲಲ್ಲೇ ರೊಟ್ಟಿಯ ಸದ್ದು ಕೇಳಿಸಿತು. ಅತ್ತೆ ಎದ್ದಳೇ ಎಂದು ಒಳಗೆ ಓಡಿದೆ. ಸ್ಟ್ಯಾಂಡು ಪೆನ್ಸಿಲ್ ಗೆರೆಯ ಕೆಳಗೆ ನಿಂತಿತ್ತು. ಮಾವ ಅದರ ಮೇಲೆ ಬಗ್ಗಿ ರೊಟ್ಟಿ ಬಡಿಯುತ್ತಿದ್ದ. ಅತ್ತೆ ಕುರ್ಚಿಯಲ್ಲಿ ಕುಳಿತು ಎಡಗೈಯಿಂದ ತಾಳ ತೋರಿಸುತ್ತಿದ್ದಳು. ಪರೀಕ್ಷೆಗೆಂದು ಬಡಿದು ಬಡಿದು ಮಾವನಿಗೆ ರೊಟ್ಟಿ ಬಂದುಬಿಟ್ಟಿತ್ತು. ಅದೇನು ಚಂದ್ರನಂತಿರಲಿಲ್ಲ; ವೆಲ್ಡಿಂಗಿನ ಕಿಡಿಗೆ ಸುಟ್ಟ ಗಾಯಗಳ ಕೈಯಿಂದ ಬಡಿದದ್ದು, ಅಂಚೆಲ್ಲ ಹರಕು. ಇದ್ದುದರಲ್ಲಿ ದುಂಡಗಿನದನ್ನು ಆರಿಸಿ, ಹಾಲಿನಲ್ಲಿ ನೆನೆಸಿ ಅತ್ತೆಗೆ ತಿನ್ನಿಸಿ, ಹರಿದವನ್ನು ತನ್ನ ತಾಟಿಗೆ ಹಾಕಿಕೊಂಡ.

ಮಾವ ಎತ್ತರದ ಆಳು. ಬಗ್ಗಿದವನು ನೆಟ್ಟಗೆ ನಿಂತಾಗ ಸೊಂಟ ಹಿಡಿದುಕೊಂಡು "ಯಪ್ಪಾ ಶಿವನ" ಎಂದ. ನಾನು ಮೆಲ್ಲಗೆ ಹೇಳಿದೆ: "ಮಾವಾ, ಈಗ ನಿನಗ ವೆಲ್ಡಿಂಗ್ ಚಲೋ ಬರ್ತೈತಿ. ಕಾಲಿಗೆ ಒಂದೊಂದು ಗೇಣು ಪೈಪ್ ಜೋಡಿಸಿ ಎತ್ತರ ಮಾಡ್ಕೊ. ಬಗ್ಗೂದು ತಪ್ಪತೈತಿ."

ಮಾವ ಕೈಗೆ ಹತ್ತಿದ ಹಿಟ್ಟು ಉಜ್ಜಿಕೊಳ್ಳುತ್ತ ಅತ್ತೆಯ ಕಡೆ ನೋಡಿದ.

"ಬ್ಯಾಡವ್ವಾ. ಅದು ಆಕಿ ಅಳತಿ. ನಾಳೆ ಆಕಿ ಎದ್ದು ನಿಂತ್ಲಂದ್ರ, ಮತ್ತ ಕೊಯ್ಕೋತ ಕುಂದ್ರಲೇನು? ಈ ಸಲ ನಾ ತಡಾ ಮಾಡೂದಿಲ್ಲ."

ಹಾಗೆಂದು ಮತ್ತೆ ಬಗ್ಗಿ, ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡ.