ಗದ್ದೆ ಗುಡಿಸಿದ್ದು

ಒಳ್ಳೆಯ ಗುಣ ಸ್ವಲ್ಪ ಹೆಚ್ಚಾದರೂ ಮನೆಯವರಿಗೆ ಕಷ್ಟ. ನನಗಿರುವ ಒಂದೇ ಒಳ್ಳೆಯ ಗುಣ ಶುಚಿತ್ವ. ಅದರಿಂದ ನನ್ನ ಹೆಂಡತಿ ಜಲಜ ಪಟ್ಟ ಪಾಡು ದೇವರಿಗೇ ಗೊತ್ತು. ಮೂವತ್ತು ವರ್ಷ ಶಾಲೆಯಲ್ಲಿ ಪಿ.ಟಿ. ಮಾಸ್ಟ್ರಾಗಿದ್ದವನು ನಾನು. ಮೈದಾನದಲ್ಲಿ ಒಂದು ಹುಲ್ಲುಕಡ್ಡಿ ತಲೆಯೆತ್ತಿದರೂ ಕೀಳಿಸುತ್ತಿದ್ದೆ. ನಿವೃತ್ತನಾಗಿ ಪುತ್ತಿಗೆಯ ಮನೆಯಲ್ಲಿ ಕೂತ ಮೇಲೆ ನೋಡಿದರೆ, ಜಲಜ ನಮ್ಮ ಬೆಟ್ಟುಗದ್ದೆಯ ತುಂಬ ಕಸ ಹರಡಿದ್ದಳು.

ಬೆಟ್ಟುಗದ್ದೆ ಎಂದರೆ ಎತ್ತರದ ಗದ್ದೆ, ಮಳೆಯ ನೀರೇ ಗತಿ. ಮಳೆಗಾಲದಲ್ಲಿ ಭತ್ತ, ಅದು ಕೊಯ್ದ ಮೇಲೆ ಮಣ್ಣಿನಲ್ಲಿ ಉಳಿದ ತೇವದಲ್ಲೇ ಉದ್ದು ಬೆಳೆಯಬೇಕು. ಜಲಜ ಉಳುಮೆ ನಿಲ್ಲಿಸಿ ಮೂರು ವರ್ಷವಾಗಿತ್ತು. ಭತ್ತ ಕೊಯ್ದು ಉಳಿದ ಕೂಳೆಯ ನಡುವೆಯೇ ಉದ್ದು ಹಾಕಿ, ಮೇಲೆ ಬೈಹುಲ್ಲು, ತರಗೆಲೆ ಹೊದಿಸುತ್ತಿದ್ದಳು. "ಇದೆಂಥದು ಮಾರಾಯ್ತಿ, ನೋಡಿದವರು ಏನು ಹೇಳಿಯಾರು?" ಎಂದರೆ, "ಮಣ್ಣು ಏನು ಹೇಳ್ತದೆ ಅಂತ ನೋಡಿ, ಸಾಕು" ಎನ್ನುತ್ತಿದ್ದಳು. ಮಣ್ಣು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಪಕ್ಕದ ಮನೆಯವರು ಮಾತಾಡುವುದು ಮಾತ್ರ ಚೆನ್ನಾಗಿ ಕೇಳುತ್ತಿತ್ತು.

ಕಳೆದ ಜನವರಿಯಲ್ಲಿ ಅವಳು ಒಂದು ವಾರಕ್ಕೆ ಬೆಳ್ತಂಗಡಿಯ ತವರಿಗೆ ಹೋದಳು. ಹೋಗುವಾಗ, "ಶನಿವಾರ ಬೆಳುವಾಯಿಯ ಮಹಿಳಾ ಸಂಘದವರು ಗದ್ದೆ ನೋಡ್ಲಿಕ್ಕೆ ಬರ್ತಾರೆ. ಅಷ್ಟೊತ್ತಿಗೆ ನಾನೂ ಬರ್ತೇನೆ" ಎಂದಳು. ಏಳನೇ ತರಗತಿಗೆ ಶಾಲೆ ಬಿಟ್ಟವಳು ಮೊದಲ ಸಲ ಇಪ್ಪತ್ತು ಜನರ ಎದುರು ಮಾತಾಡಬೇಕಿತ್ತು. ಒಂದು ತಿಂಗಳಿನಿಂದ ದೋಸೆ ಎರೆಯುತ್ತ ಭಾಷಣ ಅಭ್ಯಾಸ ಮಾಡುತ್ತಿದ್ದಳು. ಗಂಡನಾದವನು ಸ್ವಲ್ಪವಾದರೂ ಸಹಾಯ ಮಾಡಬೇಡವೇ? ನೆಂಟರು ಬರುವ ಮೊದಲು ಅಂಗಳ ಗುಡಿಸುವುದು ನಮ್ಮ ಕಡೆಯ ರೂಢಿ. ನಾನು ಹಿಡಿಸೂಡಿ ಹಿಡಿದು ಗದ್ದೆಗಿಳಿದೆ. ಎರಡು ದಿನದಲ್ಲಿ ಅರ್ಧ ಗದ್ದೆ ಥಳಥಳ. ಕಸವನ್ನೆಲ್ಲ ರಾಶಿ ಹಾಕಿ ಬೆಂಕಿಯನ್ನೂ ಕೊಟ್ಟೆ. ಸೊಂಟ ಹಿಡಿದುಕೊಳ್ಳದಿದ್ದರೆ ಉಳಿದರ್ಧವೂ ಮುಗಿಯುತ್ತಿತ್ತು. ಆ ಸೊಂಟನೋವಿಗೆ ನಾನು ಇಂದಿಗೂ ಋಣಿ.

ಶನಿವಾರ ಜಲಜ ದಾರಿಯಲ್ಲಿ ಸಿಕ್ಕಿದ ಸಂಘದವರ ಜೀಪೊಂದರಲ್ಲೇ ಬಂದಿಳಿದಳು. ಗದ್ದೆ ನೋಡಿ ಅವಳ ಮುಖ ಬಿಳಿಚಿಕೊಂಡಿತು. ಅವರೆಲ್ಲ ನೋಡಲು ಬಂದದ್ದೇ ಆ ಕಸವನ್ನು ಎಂಬುದು ನನಗೆ ಆಗ ಹೊಳೆಯಿತು. ನಾನು ಗುಡಿಸಿದ ಬದಿಯಲ್ಲಿ ನಾಲ್ಕೇ ದಿನದ ಬಿಸಿಲಿಗೆ ಮಣ್ಣು ಬಿರುಕು ಬಿಟ್ಟು, ಉದ್ದಿನ ಗಿಡಗಳು ಜೋತುಬಿದ್ದಿದ್ದವು. ಹಿರಿಯ ಹೆಂಗಸೊಬ್ಬರು ಕೇಳಿಯೇಬಿಟ್ಟರು: "ಈಚೆ ಬದಿ ಯಾಕೆ ಹೀಗೆ, ಜಲಜಕ್ಕ?"

ಅವಳು ಒಂದು ಗಳಿಗೆ ನನ್ನನ್ನು ನೋಡಿದಳು. ಅವಳ ಮೂರು ವರ್ಷದ ದುಡಿಮೆಯ ಅರ್ಧ ನಾನು ಸುಟ್ಟಿದ್ದೆ. ಅಷ್ಟೂ ಜನರೆದುರು ಬೈದಿದ್ದರೂ ತಪ್ಪಿರಲಿಲ್ಲ. "ಅದು ಇವರಿಂದ ಬೇಕೂಂತಲೇ ಮಾಡಿಸಿದ್ದು. ವ್ಯತ್ಯಾಸ ಗೊತ್ತಾಗ್ಬೇಕಲ್ಲ? ಎರಡೂ ಕಡೆ ಕೈ ಹಾಕಿ ನೋಡುವ" ಎಂದಳು. ಒಬ್ಬೊಬ್ಬರೇ ಕೈ ಹಾಕಿದರು. ನನ್ನ ಬದಿಯಲ್ಲಿ ಉಗುರು ಇಳಿಯಲಿಲ್ಲ. ಅವಳ ಬದಿಯಲ್ಲಿ ಬೈಹುಲ್ಲು ಸರಿಸಿದರೆ ತಣ್ಣಗಿನ, ಕಪ್ಪಗಾದ ಮಣ್ಣು. ಹಿಡಿದರೆ ಮೆತ್ತಗೆ ಉದುರುತ್ತಿತ್ತು, ಒಳಗೆ ಎರೆಹುಳು. ನಾನೂ ಕೈ ಹಾಕಿದೆ, ಮೂರು ವರ್ಷದಲ್ಲಿ ಮೊದಲ ಸಲ. ಭಾಷಣದ ಅಗತ್ಯವೇ ಬೀಳಲಿಲ್ಲ.

ಸಂಜೆ "ತಪ್ಪಾಯ್ತು" ಎಂದೆ. "ಆದದ್ದು ಆಯ್ತು. ಇನ್ನು ಆ ಬದಿ ಹಾಗೇ ಇರ್ಲಿ, ಮುಂದಿನ ತಿಂಗಳು ಶಿರ್ತಾಡಿಯ ಸಂಘದವರು ನೋಡ್ಲಿಕ್ಕೆ ಬರ್ಲಿಕ್ಕುಂಟು" ಎಂದಳು. ಅಷ್ಟೇ. ಅವಳ ಬದಿಯ ಉದ್ದಿನ ದೋಸೆಯನ್ನೇ ಇಂದಿಗೂ ತಿನ್ನುತ್ತಿದ್ದೇನೆ. ನನ್ನ ತಟ್ಟೆಗೆ ಒಂದೂ ಕಡಿಮೆಯಾಗಿಲ್ಲ. ಇಂಥವಳಿಂದ ಇನ್ನೊಮ್ಮೆ ಸುಳ್ಳು ಹೇಳಿಸಬಾರದೆಂದು ಶಿರ್ತಾಡಿಯವರು ಬಂದ ದಿನ ನಾನೇ ಮುಂದೆ ಬಂದು, "ಇದು ಪ್ರಯೋಗ ಅಲ್ಲ ಅಕ್ಕಂದಿರೇ, ನಾನು ಬುದ್ಧಿಯಿಲ್ಲದೆ ಗುಡಿಸಿದ್ದು" ಎಂದು ಒಪ್ಪಿಕೊಂಡೆ.

"ಮಾಸ್ಟ್ರಿಗೆ ಎಷ್ಟು ವಿನಯ ನೋಡಿ" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಜಲಜ ಎಲ್ಲರಿಗಿಂತ ಜೋರಾಗಿ ತಟ್ಟಿದಳು.