ತಕ್ಕಡಿ ಹತ್ತಿದ ಹುರುಳಿ

ಅಡುಗೆ ಬಾರದ ಗಂಡಸು ಒಲೆ ಹೊತ್ತಿಸಿದರೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ.

ನಾನು ಕಾರ್ಕಳದಲ್ಲಿ ಕಲ್ಲು ಒಡೆಯುವವನು. ಹೆಂಡತಿ ತೀರಿಹೋದಳು. ಮಗಳಿಗೆ ಎಂಟು ವರ್ಷ. ಕಡ್ಡಿಯ ಹಾಗೆ ಆಗಿದ್ದಳು. ಇನ್ನಂಜೆಯಿಂದ ಹೆಂಡತಿಯ ಅಕ್ಕ ಬಂದರು. ಮೂರು ತಿಂಗಳಲ್ಲಿ ಮಗುವಿನ ತೂಕ ಏರದಿದ್ದರೆ ತಾನೇ ಕರೆದುಕೊಂಡು ಹೋಗುವುದು ಎಂದರು. ನಾನು ಮಗಳನ್ನು ಡಾಕ್ಟ್ರಲ್ಲಿಗೆ ಕರೆದುಕೊಂಡು ಹೋದೆ. ದಿನಾ ಮೀನು, ಮೊಟ್ಟೆ ಆಗದಿದ್ದರೆ ಹುರುಳಿ, ಹೆಸರು, ಕಡಲೆ ಕೊಡಿ, ಅಗ್ಗ, ಶಕ್ತಿಯೂ ಉಂಟು ಎಂದು ಡಾಕ್ಟ್ರು ಹೇಳಿದರು.

೧. ಕಲ್ಲು

ಹುರುಳಿ ನೆನೆಹಾಕಬೇಕೆಂದು ಗೊತ್ತಿರಲಿಲ್ಲ. ಹಾಗೆಯೇ ಬೇಯಲು ಇಟ್ಟೆ. ಕಟ್ಟಿಗೆ ಮುಗಿಯಿತು, ಹುರುಳಿ ಬೇಯಲಿಲ್ಲ. ಪಕ್ಕದ ಮನೆಯ ಹೆಂಗಸು ಬಂದು ಒಂದು ಕಾಳು ಕಚ್ಚಿ ನೋಡಿದಳು.

"ಅಣ್ಣ, ಇದನ್ನೂ ಕ್ವಾರಿಯಿಂದಲೇ ತಂದದ್ದಾ?"

೨. ಎರಡು ಸೇರು

ನೆನೆಹಾಕಲು ಅವಳೇ ಕಲಿಸಿದಳು. ಎಷ್ಟು ಎಂದು ನಾನು ಕೇಳಲಿಲ್ಲ. ಎರಡು ಸೇರು ಕಡಲೆ ಹಾಕಿದೆ. ಬೆಳಿಗ್ಗೆ ಮುಚ್ಚಳ ನೆಲದಲ್ಲಿ, ಕಡಲೆ ಉಬ್ಬಿ ಪಾತ್ರೆಯ ಮೇಲೆ. ಇದ್ದ ಪಾತ್ರೆಗಳೆಲ್ಲ ತುಂಬಿದವು, ಸ್ನಾನದ ಚೆಂಬು ಕೂಡ. ದಿನಾ ನಾಲ್ಕು ಮನೆಗೆ ಹಂಚಿದೆ. ಮೂರನೇ ದಿನ ಪಕ್ಕದ ಮನೆಯವಳ ಗಂಡ ದಾರಿಯಲ್ಲಿ ಸಿಕ್ಕಿ ಕೈ ಮುಗಿದ.

"ಮಾರಾಯ್ರೇ, ಇನ್ನು ನೆನೆಹಾಕುವ ಮೊದಲು ಒಂದು ಮಾತು ಹೇಳಿ. ನಾವು ಉದ್ಯಾವರಕ್ಕೆ ನೆಂಟರ ಮನೆಗೆ ಹೋಗಿರ್ತೇವೆ."

೩. ಮೊಳಕೆ

ಹೆಸರುಕಾಳನ್ನು ತಲೆಗೆ ಸುತ್ತುವ ಬೈರಾಸನ್ನು ಒದ್ದೆ ಮಾಡಿ ಅದರಲ್ಲಿ ಕಟ್ಟಿ ಮೊಳೆಗೆ ತೂಗುಹಾಕಿದ್ದೆ. ಬೆಳಿಗ್ಗೆ ಗಡಿಬಿಡಿಯಲ್ಲಿ ಅದನ್ನೇ ಕೆಲಸಕ್ಕೆ ತಂದೆ. ಬಿಸಿಲೇರಿತು. ನೋಡದೆ ಗಂಟು ಬಿಚ್ಚಿ ತಲೆಗೆ ಸುತ್ತಿಕೊಂಡೆ. ಮೊಳಕೆಯೆಲ್ಲ ಬೋಳು ತಲೆಯ ಮೇಲೆ. ಮೇಸ್ತ್ರಿ ಹತ್ತಿರ ಬಂದು ನೋಡಿದರು. ಇಲ್ಲಿ ಇನ್ನು ಎಂತದೂ ಬೆಳೆಯುವುದಿಲ್ಲ ಎಂದು ತಿಳಿದಿದ್ದೆ ಎಂದರು.

ಹೆಂಡತಿ ಹೋದ ಮೇಲೆ ನಾನು ನಕ್ಕದ್ದು ಅಂದೇ ಮೊದಲು.

೪. ತೂಕ

ಮೂರು ತಿಂಗಳಾಯಿತು. ಅಕ್ಕ ಬಂದರು. ಮೂವರೂ ಡಾಕ್ಟ್ರಲ್ಲಿಗೆ ಹೋದೆವು. ಮಗಳು ತಕ್ಕಡಿ ಹತ್ತಿದಳು. ಮೂರೂವರೆ ಕಿಲೋ ಹೆಚ್ಚು. ಡಾಕ್ಟ್ರು ಕನ್ನಡಕ ಒರೆಸಿ ಮತ್ತೆ ನೋಡಿದರು. ಇಳಿಸಲೆಂದು ಅಕ್ಕ ಅವಳ ಸೊಂಟ ಹಿಡಿದದ್ದೇ ತಡ, ಫ್ರಾಕಿನ ಒಳಗೆ ಕಟ್ಟಿಕೊಂಡಿದ್ದ ಚೀಲ ಬಿಚ್ಚಿತು. ಹಸಿ ಹುರುಳಿ ಜರ್ರೆಂದು ನೆಲಕ್ಕೆ ಸುರಿಯಿತು.

ಮಗಳು ನೆಲ ನೋಡುತ್ತಾ ಹೇಳಿದಳು, "ದೊಡ್ಡಮ್ಮ, ನಾನು ಅಪ್ಪನ ಹತ್ತಿರವೇ ಇರ್ತೇನೆ."

ಡಾಕ್ಟ್ರು ಅವಳನ್ನು ಇನ್ನೊಮ್ಮೆ ಹತ್ತಿಸಿದರು. ಚೀಲ ಇಲ್ಲದೆಯೂ ಎರಡು ಕಿಲೋ ಹೆಚ್ಚು. ಅಕ್ಕ ಕಣ್ಣೊರೆಸಿಕೊಂಡು, ನೆಲದಲ್ಲಿ ಕೂತು ಕಾಳುಗಳನ್ನು ಸೆರಗಿಗೆ ಹೆಕ್ಕತೊಡಗಿದರು.

ಡಾಕ್ಟ್ರು ಅವರಿಗೆ ಹೇಳಿದರು, "ಮಗು ಇಲ್ಲೇ ಇರಲಿ. ನೀವು ಬರಿಗೈಯಲ್ಲಿ ಹೋಗುವುದು ಬೇಡ, ಆ ಹುರುಳಿಯನ್ನು ಕೊಂಡುಹೋಗಿ."