ರೊಟ್ಟಿ ಸೈಟಿನ ಸ್ಥಾಪನಾಚಾರ್ಯ

ಶುಕ್ರವಾರ ಬೆಳಿಗ್ಗೆ ಪೂಜೆ ಮುಗಿಯುತ್ತಿದ್ದಂತೆ ನಮ್ಮ ಮಾಮಾ ನೀಲಕಂಠಪ್ಪ ಬಣಕಾರ ಪಡಸಾಲೆಯ ನಡುವೆ ನಿಂತು, ಯಂತ್ರದ ಮೇಲೆ ಹೊದಿಸಿದ್ದ ಹಳೆಯ ಸೀರೆಯನ್ನು ಸರಕ್ಕನೆ ಎಳೆದರು.

"ಇದರ ಹೆಸರು ಸ್ಥಾಪನಾಚಾರ್ಯ!"

ಮಾಮಾ ಎಂದರೆ ನನ್ನ ಅಕ್ಕ ಪಾರ್ವತೆವ್ವನ ಗಂಡ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಮೇಲೆ ಬೆಟಗೇರಿಯ ನಮ್ಮ ಓಣಿಯಲ್ಲಿ ಯಂತ್ರ ಕಂಡುಹಿಡಿಯುತ್ತಾ ಕಾಲ ಕಳೆಯುತ್ತಾರೆ. ಅವರ ಹಿಂದಿನ ಯಂತ್ರ ಹಾಲು ಉಕ್ಕದಂತೆ ಕಾಯಬೇಕಿತ್ತು. ಅದು ಹಾಲು ಉಕ್ಕಿದ ಮೇಲೆ ಕ್ಷಮೆ ಕೇಳುತ್ತಿತ್ತು. ನಾನು ಪಕ್ಕದ ಮನೆಯವನು. ಪತ್ರಿಕೆಯೊಂದರಲ್ಲಿ ಬಹುಕಾಲ ಉಪಸಂಪಾದಕನಾಗಿದ್ದವನು. ಆದ್ದರಿಂದ ಇಲ್ಲಿ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಮಾತ್ರ ಇದೆ.

ಸ್ಥಾಪನಾಚಾರ್ಯನಿಗೆ ಮಗ್ಗದ ಕೋಲುಗಳಿಂದ ಮಾಡಿದ ಎರಡು ಕೈಗಳಿದ್ದವು. ಕೈಗಳ ತುದಿಗೆ ರಬ್ಬರ್ ಬೆರಳುಗಳು, ಕಾಲಿಗೆ ಗಾಲಿಗಳು. ಕಣ್ಣಿನ ಜಾಗದಲ್ಲಿ ಹಳೆಯ ಮೊಬೈಲಿನ ಕ್ಯಾಮೆರಾ. ತಲೆಯ ಮೇಲೆ ಪ್ರಚಾರದ ಆಟೋದಿಂದ ಕಳಚಿ ತಂದ ಧ್ವನಿವರ್ಧಕ. ಸೊಂಟದಲ್ಲಿ ಒಂದು ಸ್ಕ್ರೂಡ್ರೈವರ್. ತನ್ನ ಸ್ಕ್ರೂ ಸಡಿಲವಾದರೆ ತಾನೇ ಬಿಗಿ ಮಾಡಿಕೊಳ್ಳಲಿ ಎಂಬುದು ಮಾಮಾರ ಮುಂದಾಲೋಚನೆ.

"ಇದು ರೊಟ್ಟಿ ಬಡೀತೈತೇನ್ರೀ?" ಎಂದಳು ಅಕ್ಕ.

"ರೊಟ್ಟಿ ಬಡಿಯೂದಲ್ಲ, ರೊಟ್ಟಿ ಸೈಟ್ ಮಾಡತೈತಿ! ಕಂಪ್ಯೂಟರ್ ಮುಂದ ಕುಂತು, ಕಾಗದದಾಗ ಬರದಿದ್ದು ಓದಿ, ಅದರಂಗ ಟೈಪ್ ಮಾಡತೈತಿ. ಮನುಷ್ಯಾರ ಗತೆ ಅರ್ಧ ಓದಿ ಬಿಡೂದಿಲ್ಲ."

ವಿಷಯ ತಮಾಷೆಯದಾಗಿರಲಿಲ್ಲ. ಓಣಿಯ ಮಗ್ಗಗಳು ಒಂದೊಂದಾಗಿ ನಿಂತ ಮೇಲೆ, ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದ ಹೆಂಗಸರನ್ನು ಕೂಡಿಸಿಕೊಂಡು ಅಕ್ಕ ಖಡಕ್ ರೊಟ್ಟಿಯ ಸಂಘ ಕಟ್ಟಿದ್ದಳು. ಹನ್ನೊಂದು ಮಂದಿ. ಮದುವೆ ಸೀಸನ್ ಮುಗಿದರೆ ಒಲೆ ತಣ್ಣಗೆ. ಈಗ ಊರಾಚೆಯ ಹುಡುಗಿಯರ ಹಾಸ್ಟೆಲೊಂದು ವರ್ಷವಿಡೀ ರೊಟ್ಟಿ ಕೊಡುವವರನ್ನು ಹುಡುಕುತ್ತಿತ್ತು. ಷರತ್ತು ಒಂದೇ: ಆರ್ಡರ್ ತೆಗೆದುಕೊಳ್ಳಲು ಸ್ವಂತ ವೆಬ್‌ಸೈಟ್ ಇರಬೇಕು. ಶನಿವಾರ ಬೆಳಿಗ್ಗೆ ವಾರ್ಡನ್ ವಿಮಲಾಬಾಯಿ ಕಟಗೇರಿಯವರು ಎಲ್ಲರ ಸೈಟು ನೋಡಿ ಒಬ್ಬರನ್ನು ಆರಿಸುವವರಿದ್ದರು. ಇದು ತಪ್ಪಿದರೆ ಸಂಘ ಮುಚ್ಚುವುದೆಂದು ಅಕ್ಕ ನನ್ನೊಬ್ಬನಿಗೆ ಹೇಳಿದ್ದಳು.

ಮಾಮಾ ಯಾವುದೋ ದೂರದೇಶದ ಕಂಪ್ಯೂಟರಿನಲ್ಲಿ ಒಂದಿಷ್ಟು ಜಾಗ ಬಾಡಿಗೆಗೆ ಹಿಡಿದಿದ್ದರು. ಹೋಸ್ಟಿಂಗ್ ಎಂದರೆ ಅದೇ. ಆರ್ಡರ್ ತೆಗೆದುಕೊಳ್ಳುವ ತಂತ್ರಾಂಶವನ್ನು ಆ ಜಾಗದಲ್ಲಿ ಕೂರಿಸಬೇಕು. ಅದನ್ನು ಕೂರಿಸಲು ಒಂದು ಅನುಸ್ಥಾಪನಾ ಪುಟ ತೆರೆಯುತ್ತದೆ, ಅಂಗಡಿಯ ಹೆಸರು, ಮಾಲೀಕರ ಹೆಸರು ಕೇಳುತ್ತದೆ. ಹೇಳಿದರೆ ಅಂಗಡಿ ಸಿದ್ಧ. ಹೇಗೆ ಮಾಡಬೇಕೆಂಬ ಸೂಚನೆಗಳ ಹಾಳೆಯನ್ನು ಮಾಮಾ ಯಂತ್ರದ ಕಣ್ಣಿಗೆ ಹಿಡಿದರು. ಅದರ ಕೊನೆಯ ಸಾಲು ನನಗೆ ಈಗಲೂ ನೆನಪಿದೆ: "ಕೆಲಸ ಮುಗಿದ ಮೇಲೆ, ಭದ್ರತೆಯ ದೃಷ್ಟಿಯಿಂದ, ಅನುಸ್ಥಾಪನೆಗೆ ಬಳಸಿದ ಎಲ್ಲವನ್ನೂ ತೆಗೆದುಹಾಕತಕ್ಕದ್ದು."

ಯಂತ್ರ ಕೆಲಸ ಶುರು ಮಾಡಿತು. ನಿಜಕ್ಕೂ ಚೆನ್ನಾಗಿ ಮಾಡಿತು! ಕೀಲಿಮಣೆಯ ಮೇಲೆ ರಬ್ಬರ್ ಬೆರಳುಗಳು ಮಳೆ ಸುರಿದಂತೆ ಸುರಿದವು. ತೊಂದರೆ ಬಂದದ್ದು ಧ್ವನಿವರ್ಧಕದಿಂದ.

"ಅಂಗಡಿಯ ಹೆಸರು, ಪಾರ್ವತಿ ರೊಟ್ಟಿ ಕೇಂದ್ರ! ಸರಿಯೇ?" ಎಂದು ಅದು ಕೂಗಿದ್ದು ಓಣಿಯ ಆ ತುದಿಗೂ ಕೇಳಿಸಿತು.

"ಮೆಲ್ಲಕ ಮಾತಾಡಾಕ ಹೇಳ್ರಿ ಅದಕ್ಕ!"

"ಎಕ್ಸ್‌ಚೇಂಜಿನ್ಯಾಗ ನಂಬರ್ ಕೇಳಿದ ಮ್ಯಾಲೆ ಆಪರೇಟರ್ ಇನ್ನೊಮ್ಮೆ ಜೋರಾಗಿ ಹೇಳಿ ಖಾತ್ರಿ ಮಾಡ್ಕೋಬೇಕು. ಅದು ಪದ್ಧತಿ," ಎಂದರು ಮಾಮಾ.

ಮುಂದೆ ಪಾಸ್‌ವರ್ಡ್ ಕೇಳಿತು. ಅಕ್ಕ ಬಹಳ ಯೋಚಿಸಿ, ಯಾರಿಗೂ ಹೊಳೆಯಬಾರದೆಂದು, ಯಂತ್ರದ ಬಳಿ ಬಾಗಿ ಪಿಸುಗುಟ್ಟಿದಳು.

"ಪಾಸ್‌ವರ್ಡ್, ಉದ್ದಿನಹಿಟ್ಟು! ಸರಿಯೇ?"

ಎದುರು ಮನೆಯ ಕಟ್ಟೆಯ ಮೇಲಿದ್ದ ನಿಂಬೆವ್ವ ತಟ್ಟನೆ ಎದ್ದು ನಿಂತಳು. ಅವಳೂ ರೊಟ್ಟಿ ಮಾಡುವವಳೇ, ಸಂಘಕ್ಕೆ ಬಾರದೆ ಒಂಟಿಯಾಗಿ ಮಾರುವವಳು. ಅಕ್ಕನ ರೊಟ್ಟಿ ಯಾಕೆ ಬಿರಿಯುವುದಿಲ್ಲ ಎಂಬ ಚಿಂತೆ ಅವಳಿಗೆ ವರ್ಷಗಳಿಂದ ಇತ್ತು.

"ಅದಕ್ಕ ಬಿರಿಯೂದಿಲ್ಲೇನ ಮತ್ತ!" ಎಂದು ಹೇಳಿ ಅವಳು ಒಳಗೆ ಹೋದಳು. ಅಕ್ಕ ಮಾಮಾರನ್ನು ನೋಡಿದ ನೋಟವನ್ನು ನಾನು ವರ್ಣಿಸುವುದಿಲ್ಲ.

ಅಂತೂ ಸೈಟು ತೆರೆಯಿತು. ಪರದೆಯ ಮೇಲೆ ರೊಟ್ಟಿಗಳ ಚಿತ್ರ, ಅದರ ಮೇಲೆ ಸಂಘದ ಹೆಸರು. ಹೆಂಗಸರು ಕಣ್ಣು ಒರೆಸಿಕೊಂಡರು. ಸ್ಥಾಪನಾಚಾರ್ಯ ಕೈ ಎತ್ತಿ ಘೋಷಿಸಿತು: "ಅನುಸ್ಥಾಪನೆ ಯಶಸ್ವಿ. ಈಗ ಅನುಸ್ಥಾಪನೆಗೆ ಬಳಸಿದ್ದನ್ನು ತೆಗೆದುಹಾಕುತ್ತೇನೆ."

"ಏ, ನಿಲ್ಲಸ್ರಿ! ಏನ್ ತಗೀತೈತಿ ಅದು?" ಎಂದಳು ಅಕ್ಕ.

"ಅನುಸ್ಥಾಪನಾ ಪುಟದ ಫೋಲ್ಡರ್. ಇನ್ನ ಅದರ ಕೆಲಸ ಇಲ್ಲ. ಒಗಿಯೂದು."

"ಶುಕ್ರವಾರ! ಪೂಜಿ ಮಾಡಿ ಇನ್ನ ಕರ್ಪೂರ ಆರಿಲ್ಲ, ಮನ್ಯಾಗಿಂದ ಹೊರಗ ಒಗಿತೀರಿ?"

"ಅದು ಮನ್ಯಾಗ ಇಲ್ಲ ಮಾರಾಯ್ತಿ. ಯಾವ್ದೋ ದೇಶದ ಕಂಪ್ಯೂಟರಿನ್ಯಾಗ ಐತಿ."

"ಬಾಡಿಗಿ ಯಾರ ಕೊಡತಾರ?"

"ನಾನ ಕೊಡತೇನಿ."

"ಬಾಡಿಗಿ ಕೊಟ್ಟ ಮ್ಯಾಲೆ ಅದೂ ನಮ್ಮ ಮನೀನ. ಇವತ್ತು ಅಲ್ಲಿಂದ ಒಂದು ಕಸಾನೂ ಹೊರಗ ಹೋಗಂಗಿಲ್ಲ. ನಾಳೆ ಬೆಳಿಗ್ಗೆ ಒಗೀರಿ."

ಮಾಮಾ ನನ್ನ ಕಡೆ ನೋಡಿದರು. "ಒಂದ ದಿನ ಅಲ್ಲೇನೋ ಶಿವಪುತ್ರ, ಏನಾಗತೈತಿ?" ಎಂದರು. ನಾನು ತಲೆಯಾಡಿಸಿದೆ. ಯಂತ್ರ ಮಾತ್ರ ಎತ್ತಿದ ಕೈಯನ್ನು ಬಹಳ ಹೊತ್ತು ಇಳಿಸಲಿಲ್ಲ.

ಮಧ್ಯಾಹ್ನ ಅಕ್ಕ ಓಣಿಗೆಲ್ಲ ಸೈಟಿನ ವಿಳಾಸ ಹಂಚಿದಳು. ಎಲ್ಲರೂ ಒಮ್ಮೆ ತೆರೆದು ನೋಡಿ ಹರಸಲಿ ಎಂಬುದು ಅವಳ ಆಸೆ. ಮೊದಲು ತೆರೆದವರು ಟೇಲರ್ ಇಮಾಮಸಾಬರು. ಸ್ವಲ್ಪ ಹೊತ್ತಿಗೆ ಮೊಬೈಲ್ ಹಿಡಿದುಕೊಂಡು ಅವರೇ ಬಂದರು.

"ಪಾರ್ವತಕ್ಕ, ಭಾಳ ಚಲೋ ಸೈಟ್ ಐತಿ. ನನ್ನ ಹೆಸರು ಕೇಳ್ತು, ಅಂಗಡಿ ಹೆಸರು ಕೇಳ್ತು. ಮರ್ಯಾದಿಯಿಂದ ಹೇಳಿದೆ. 'ಯಶಸ್ವಿ' ಅಂತು!"

ಮಾಮಾ ಅವಸರದಿಂದ ಕಂಪ್ಯೂಟರ್ ತೆರೆದರು. ರೊಟ್ಟಿಗಳ ಚಿತ್ರ ಹಾಗೇ ಇತ್ತು. ಮೇಲೆ ಮಾತ್ರ "ಇಮಾಮಸಾಬ ಟೇಲರ್ಸ್" ಎಂದಿತ್ತು.

ಕಾರಣ ಸರಳ. ಫೋಲ್ಡರ್ ಅಲ್ಲೇ ಉಳಿದಿದ್ದರಿಂದ, ಹೊಸದಾಗಿ ಸೈಟು ತೆರೆದವರಿಗೆಲ್ಲ ಮೊದಲು ಕಾಣುತ್ತಿದ್ದದ್ದು ಅನುಸ್ಥಾಪನಾ ಪುಟ: "ಸ್ವಾಗತ! ಶುರು ಮಾಡೋಣವೇ?" ಹೂಂ ಎಂದವರು ಅಂಗಡಿಯ ಹೊಸ ಮಾಲೀಕರು, ಹಳೆಯ ಮಾಲೀಕರ ಹೆಸರು ಅಳಿಸಿಹೋಗುತ್ತದೆ. ನಮ್ಮ ಓಣಿಯಲ್ಲಿ ಸ್ವಾಗತ ಎಂದ ಮೇಲೆ ಬೇಡ ಎನ್ನುವವರು ಯಾರೂ ಇಲ್ಲ.

ಮಾಮಾ ಮತ್ತೆ ಅಕ್ಕನ ಹೆಸರು ಹಾಕಿದರು. ಅಷ್ಟರಲ್ಲಿ ನಿವೃತ್ತ ಡ್ರಿಲ್ ಮಾಸ್ತರರು ತೆರೆದರು; ಸೈಟು ವ್ಯಾಯಾಮ ಶಾಲೆಯಾಯಿತು. ಮತ್ತೆ ಅಕ್ಕನದಾಯಿತು. ಆಮೇಲೆ ಸಂಘದ ಹೆಂಗಸರೇ ಒಬ್ಬೊಬ್ಬರಾಗಿ ಅಭಿಮಾನದಿಂದ ತೆರೆದು, ಒಬ್ಬೊಬ್ಬರಾಗಿ ಸಂಘದ ಮಾಲೀಕರಾದರು. ಸಂಜೆಗೆ ಸೈಟಿನ ಮೇಲೆ ಕಂಡದ್ದು "ನಿಂಬೆವ್ವ ರೊಟ್ಟಿ. ನಾವೂ ಉದ್ದಿನಹಿಟ್ಟು ಹಾಕುತ್ತೇವೆ."

"ಈಗಾದ್ರೂ ಆ ಫೋಲ್ಡರ್ ಒಗಿಯಾಕ ಬಿಡ!" ಎಂದರು ಮಾಮಾ.

"ದೀಪ ಹಚ್ಚೂ ಹೊತ್ತಿನಾಗ? ನಿಮಗ ಬುದ್ಧಿ ಐತೇನ್ರೀ!"

ಅಕ್ಕ ಬೇರೆ ದಾರಿ ಹಿಡಿದಳು. ಇಬ್ಬರು ಹೆಂಗಸರನ್ನು ಕಳಿಸಿ, ಸೈಟನ್ನು ಯಾರೂ ತೆರೆಯಬಾರದೆಂದು ಮನೆಮನೆಗೆ ಹೇಳಿಸಿದಳು. ಅಲ್ಲಿಯವರೆಗೆ ತೆರೆಯದೇ ಇದ್ದ ಮನೆಗಳವರು ಆಮೇಲೆ ತೆರೆದರು.

ಶನಿವಾರ ಬೆಳಿಗ್ಗೆ ಪಡಸಾಲೆಯಲ್ಲಿ ಹನ್ನೊಂದು ಮಂದಿಯೂ ಗೋಡೆಗೆ ಒರಗಿ ಸಾಲಾಗಿ ಕುಳಿತಿದ್ದರು. ಅವರಲ್ಲೊಬ್ಬಳು, ತನಗರಿವಿಲ್ಲದಂತೆ, ಬರಿಗೈಯಲ್ಲಿ ಕಂಡಿಕೆ ಸುತ್ತುವ ಹಾಗೆ ಬೆರಳಾಡಿಸುತ್ತಿದ್ದಳು. ಮಾಮಾ ಸೈಟಿಗೆ ಇನ್ನೊಮ್ಮೆ ಅಕ್ಕನ ಹೆಸರು ಹಾಕಿಸಿ, ಸ್ಥಾಪನಾಚಾರ್ಯನ ಮುಂದೆ ನಿಂತರು.

"ಈಗ ಒಗೀ. ಸೂಚನಾದಾಗ ಇದ್ದಂಗ, ಎಲ್ಲಾ."

"ಎಲ್ಲವನ್ನೂ ತೆಗೆದುಹಾಕುತ್ತೇನೆ! ಸರಿಯೇ?" ಎಂದು ಯಂತ್ರ ಕೂಗಿತು.

"ಸರಿ! ಸರಿ!" ಎಂದರು ಮಾಮಾ ಮತ್ತು ಅಕ್ಕ ಒಟ್ಟಿಗೆ. ಅವರು ಒಮ್ಮತಕ್ಕೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಯಂತ್ರ ಅಳಿಸತೊಡಗಿತು. ಆದರೆ ಪದ್ಧತಿ ಬಿಡಲಿಲ್ಲ. ಪ್ರತಿ ಫೈಲಿನ ಹೆಸರನ್ನೂ ಮೊದಲು ಕೂಗಿ, ಸರಿಯೇ ಎಂದು ಕೇಳಿ, ಸರಿ ಎಂದ ಮೇಲೆಯೇ ಅಳಿಸಿತು. ಫೈಲುಗಳು ನೂರಾರು ಇದ್ದವು. ಮಾಮಾರ ಗಂಟಲು ಒಣಗಿತು. ಇನ್ನೂ ಅರ್ಧ ಉಳಿದಿರುವಾಗ ಅಕ್ಕನ ಫೋನು ರಿಂಗಾಯಿತು.

"ನಾ ವಾರ್ಡನ್ ವಿಮಲಾಬಾಯಿ. ನಿಮ್ಮ ಸೈಟ್ ನೋಡಿದೆ," ಎಂದಿತು ಧ್ವನಿ. ಅಕ್ಕ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. "ಅದರಾಗ ಒಂದು ಫಾರ್ಮ್ ಇತ್ತು. ತುಂಬೀನಿ. ಮಾಲೀಕರ ಹೆಸರು ಅಂದಲ್ಲಿ ಹಾಸ್ಟೆಲ್ ಹೆಸರು ಹಾಕೀನಿ."

ಅಕ್ಕ ಫೋನನ್ನು ನೆಲದ ಮೇಲಿಟ್ಟು ಅದರ ಮುಂದೆ ಕೂತಳು. ಅತ್ತ ಯಂತ್ರ, ಕೊನೆಯ ಫೈಲುಗಳೆಲ್ಲ ಒಂದೇ ಕಂತೆಯಲ್ಲಿದ್ದವೋ ಏನೋ, ಮಾಮಾರ ಒಂದೇ 'ಸರಿ'ಗೆ ಅವುಗಳನ್ನೆಲ್ಲ ಒಮ್ಮೆಲೇ ಅಳಿಸಿ "ಫೋಲ್ಡರ್ ತೆಗೆದುಹಾಕಲಾಗಿದೆ!" ಎಂದಿತು. ಇನ್ನು ಯಾರೂ ಹೆಸರು ಬದಲಿಸುವಂತಿರಲಿಲ್ಲ. ಸಂಘದ ಸೈಟು ಹಾಸ್ಟೆಲಿನದಾಗಿತ್ತು.

"ಮೇಡಂ, ಅದು ನಮ್ಮ ತಪ್ಪರೀ..." ಎಂದಳು ಅಕ್ಕ.

"ತಪ್ಪು ಯಾಕ? ಬ್ಯಾರೇದವರ ಸೈಟಿನ್ಯಾಗ ಬರೇ ಫೋಟೋ ಅದಾವ. ಅರ್ಜಿನೂ ಇಲ್ಲ, ಮಂಜೂರಾತಿನೂ ಇಲ್ಲ. ನಿಮ್ಮದರಾಗ ಯಾವ ದಿನ ಎಷ್ಟು ರೊಟ್ಟಿ ಅಂತ ನಾವ ಬರೀಬಹುದು, ನಾವ ಮಂಜೂರು ಮಾಡಬಹುದು. ನಾ ಬರದು, ಮಂಜೂರೂ ಮಾಡಿಬಿಟ್ಟೀನಿ. ಇನ್ನ ಆರಿಸೂದು ಏನ್ ಉಳೀತು? ಸೋಮವಾರದಿಂದ ಕಳಸ್ರಿ."

ಗೋಡೆಗೆ ಒರಗಿದ್ದ ಹೆಂಗಸರು ಫೋನಿನತ್ತ ಸರಿದರು.

"ಮತ್ತ ಇನ್ನೊಂದು," ಎಂದರು ವಾರ್ಡನ್. "ಇಮಾಮಸಾಬ ಅನ್ನೋರು ಹತ್ತು ರೊಟ್ಟಿ ಬೇಕಂತ ನಮ್ಮ ಹಾಸ್ಟೆಲಿಗೆ ಅರ್ಜಿ ಹಾಕ್ಯಾರ. ಅವರು ಯಾರು? ಮಂಜೂರು ಮಾಡಲೇನು?"

"ಮಾಡ್ರಿ ಮೇಡಂ," ಎಂದಳು ಅಕ್ಕ, ಕಣ್ಣೀರು ಒರೆಸಿಕೊಳ್ಳುತ್ತಾ. "ನಮ್ಮ ಓಣ್ಯಾವರ. ಭಾಳ ಒಳ್ಳೆಯವರು."

ಗದ್ದಲ ಎದ್ದಿತು. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಬಾಗಿಲಲ್ಲಿ ನಿಂಬೆವ್ವ ನಿಂತಿದ್ದಳು. "ಅಷ್ಟು ರೊಟ್ಟಿ ನಿಮ್ಮ ಕೈಲೇ ಆಗತೈತೇನ? ನಾನೂ ಬರಲೇನು?" ಎಂದಳು.

"ಹಿಟ್ಟಿನ ಗುಟ್ಟು ಹೆಂಗೂ ಗೊತ್ತಾಗೈತಲ್ಲ, ಬಾ," ಎಂದಳು ಅಕ್ಕ.

ಈ ಸಂಭ್ರಮದಲ್ಲಿ ಯಾರೂ ಸ್ಥಾಪನಾಚಾರ್ಯನನ್ನು ನೋಡುತ್ತಿರಲಿಲ್ಲ. ಅದರ ಕೆಲಸ ಇನ್ನೂ ಮುಗಿದಿರಲಿಲ್ಲ. ಅನುಸ್ಥಾಪನೆಗೆ ಬಳಸಿದ ಎಲ್ಲವನ್ನೂ ತೆಗೆಯಬೇಕಿತ್ತು. ಮೊದಲು ಅದು ಕಂಪ್ಯೂಟರಿನ ವೈರು ಕಿತ್ತು ಅಚ್ಚುಕಟ್ಟಾಗಿ ಸುತ್ತಿಟ್ಟಿತು. ಆಮೇಲೆ ದಣಿದು ಕುರ್ಚಿಯಲ್ಲಿ ಕೂತಿದ್ದ ಮಾಮಾರತ್ತ ತಿರುಗಿತು.

"ನೀಲಕಂಠಪ್ಪ! ಸರಿಯೇ?"

"ಸರಿ," ಎಂದರು ಮಾಮಾ, ಬೆಳಿಗ್ಗೆಯಿಂದ ಆದ ರೂಢಿಯಲ್ಲಿ.

ಯಂತ್ರ ಅವರ ಕನ್ನಡಕ ತೆಗೆದು ಮಡಚಿ ಕಿಸೆಯಲ್ಲಿಟ್ಟಿತು. ಅವರನ್ನು ಕುರ್ಚಿ ಸಮೇತ ಅಂಗಳಕ್ಕೆ ತಳ್ಳಿಕೊಂಡು ಹೋಗಿ, ತುಳಸಿಕಟ್ಟೆಯ ಪಕ್ಕದಲ್ಲಿ ಬಿಟ್ಟು ಬಂದು ಬಾಗಿಲು ಹಾಕಿತು.

"ಏ! ನಾ ಕಂಡುಹಿಡದವ!" ಎಂಬ ಕೂಗು ಹೊರಗಿನಿಂದ ಕೇಳಿಸಿತು.

"ಇರ್ರಿ ಅಲ್ಲೇ ಸ್ವಲ್ಪ ಹೊತ್ತು," ಎಂದಳು ಅಕ್ಕ.

ಸ್ಥಾಪನಾಚಾರ್ಯ ಸೊಂಟದಿಂದ ಸ್ಕ್ರೂಡ್ರೈವರ್ ಎಳೆಯಿತು. ಧ್ವನಿವರ್ಧಕವನ್ನು ಬಿಚ್ಚಿ ಕೆಳಗಿಟ್ಟಿತು. ಅಲ್ಲಿಂದ ಮುಂದೆ ಏನನ್ನೂ ಕೇಳಲಿಲ್ಲ. ಗಾಲಿಗಳನ್ನು, ಆಮೇಲೆ ಕಣ್ಣನ್ನು ಬಿಚ್ಚಿತು. ಬಲಗೈ ಎಡಗೈಯನ್ನು ಬಿಚ್ಚಿ, ಅದರ ಸ್ಕ್ರೂಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿತು. ಕೊನೆಗೆ ಬಲಗೈ ಒಂದೇ ಉಳಿಯಿತು. ಅದನ್ನು ಬಿಚ್ಚಲು ಯಾರೂ ಉಳಿದಿರಲಿಲ್ಲ. ಅದು ಸ್ವಲ್ಪ ಹೊತ್ತು ಗಾಳಿಯಲ್ಲಿ ತಡಕಾಡಿ, ಸ್ಕ್ರೂಡ್ರೈವರನ್ನು ಹಿಡಿಯ ಕಡೆಯಿಂದ ನನ್ನತ್ತ ಚಾಚಿತು.

ನಾನು ಅಕ್ಕನ ಮುಖ ನೋಡಿದೆ.

"ತಗೋಳೋ ತಮ್ಮಾ," ಎಂದಳು ಅವಳು ಮೆಲ್ಲಗೆ. "ಇವತ್ತ ಶನಿವಾರ."

ನಾನು ತೆಗೆದುಕೊಂಡೆ. ಉಳಿದ ನಾಲ್ಕು ಸ್ಕ್ರೂಗಳನ್ನು ನಾನೇ ಬಿಚ್ಚಿ, ಅದರ ಸಾಲಿನಲ್ಲೇ ಇಟ್ಟೆ. ನಮ್ಮ ಮನೆತನದಲ್ಲಿ ಸೂಚನೆಗಳನ್ನು ಕೊನೆಯ ಸಾಲಿನವರೆಗೆ ಓದಿ, ಹಾಗೆಯೇ ನಡೆದುಕೊಂಡದ್ದು ಅದೊಂದೇ.